ಡಾಕ್ಟ್ರೇ, ಎಲ್ಲಿ ಇಳೀತೀರಿ?

ಆಗುವುದೇ ಇಲ್ಲ ಎಂದು ಹೇಳಿದವರು ಇಬ್ಬರು. ಇಬ್ಬರ ಹೆಸರನ್ನೂ ಮೊದಲೇ ಬರೆದುಬಿಡುತ್ತೇನೆ, ಏಕೆಂದರೆ ಇಬ್ಬರ ಋಣವೂ ನನ್ನ ಮೇಲಿದೆ. ಒಬ್ಬರು ನಮ್ಮ ಆಸ್ಪತ್ರೆಯ ಸರ್ಜರಿ ವಿಭಾಗದ ಮುಖ್ಯಸ್ಥರಾಗಿದ್ದ ಡಾಕ್ಟರ್ ಪರಾಂಜಪೆ. ಇನ್ನೊಬ್ಬರು ರೆಕಾರ್ಡ್ ರೂಮಿನಲ್ಲಿ ನನಗೆ ಕೆಲಸ ಕಲಿಸಿದ ಶೇಖರಣ್ಣ, ಕಾಪು ಕಡೆಯವರು.

ರೋಗಿ ಮನೆಗೆ ಹೋಗುವ ದಿನವೇ ಅವರ ಕೇಸ್ ಪೇಪರ್ ಪೂರ್ತಿಯಾಗಿರಬೇಕು. ಏನು ಕಾಯಿಲೆ, ಏನು ಮಾಡಿದೆವು, ಮುಂದೆ ಏನು ಮಾಡಬೇಕು ಎಂದು ಬರೆದ ಡಿಸ್ಚಾರ್ಜ್ ಕಾರ್ಡು ಅವರ ಕೈಯಲ್ಲಿರಬೇಕು. ಒಂದು ಮೀಟಿಂಗಿನಲ್ಲಿ ನಾನು ಎದ್ದು ನಿಂತು ಹೇಳಿದ್ದು ಇಷ್ಟೇ. ಪರಾಂಜಪೆ ಸಾಹೇಬರು ಕನ್ನಡಕ ತೆಗೆದು ಒರೆಸುತ್ತ ನಕ್ಕರು.

"ಶಕುಂತಲಾಬಾಯಿ, ನನ್ನ ಮದುವೆಯ ಆಲ್ಬಮ್ಮೇ ಇನ್ನೂ ಪೂರ್ತಿಯಾಗಿಲ್ಲ. ಮಗಳ ಮದುವೆ ಹತ್ತಿರ ಬಂತು. ಇದು ಆಗೋ ಮಾತಲ್ಲ."

ಕೆಳಗೆ ನೆಲಮಾಳಿಗೆಯ ರೆಕಾರ್ಡ್ ರೂಮಿಗೆ ಬಂದ ಮೇಲೆ ಶೇಖರಣ್ಣ ಅದನ್ನೇ ತಮ್ಮ ಧಾಟಿಯಲ್ಲಿ ಹೇಳಿದರು. "ಆಗುದಿಲ್ಲ ಮಾರಾಯ್ತಿ. ಡಾಕ್ಟ್ರಿಗೆ ಕೊಯ್ಲಿಕ್ಕೆ ಪುರುಸೊತ್ತುಂಟು, ಬರೀಲಿಕ್ಕೆ ಇಲ್ಲ. ನೀನು ಸುಮ್ಮನೆ ತಲೆಬಿಸಿ ಮಾಡ್ಕೊಳ್ಬೇಡ. ಚಾ ಕುಡಿ."

ಸಾಹೇಬರು ನಕ್ಕರು ಎಂದೆನಲ್ಲ, ಆ ನಗುವಿನಲ್ಲಿ ಕೊಂಕು ಇರಲಿಲ್ಲ. ದಣಿವಿತ್ತು. ಅದು ನನಗೆ ಪೂರ್ತಿ ಅರ್ಥವಾಗಲು ಕೆಲವು ವರ್ಷ ಹಿಡಿಯಿತು. ಈ ಕೆಲಸಕ್ಕೆ ಹೊಸದಾಗಿ ಸೇರುವ ಮಕ್ಕಳಿಗೆ ಅಷ್ಟು ಸಮಯ ಹಿಡಿಯದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅಪ್ಪ ಸಿಂದಗಿ ತಾಲೂಕಿನಿಂದ ಬಂದು ಮುಂಬಯಿಯ ಕುರ್ಲಾದ ಗೂಡ್ಸ್ ಶೆಡ್ಡಿನಲ್ಲಿ ಮೂಟೆ ಹೊತ್ತವರು. ಅವ್ವ ಬಿಲ್ಡಿಂಗಿನ ಮನೆಗಳಲ್ಲಿ ಪಾತ್ರೆ ತಿಕ್ಕಿದವಳು. ಸಾಲುಕೋಣೆಗಳ ಚಾಳಿನ ಒಂದು ಕೋಣೆಯಲ್ಲಿ ನಾವೆಲ್ಲ. ನಲ್ಲಿಯ ಸಾಲಿನಲ್ಲಿ ಕೊಡದ ಮೇಲೆ ಪುಸ್ತಕ ಇಟ್ಟುಕೊಂಡು ಓದಿದ್ದೇನೆ. ಮುನಿಸಿಪಾಲಿಟಿಯ ಕನ್ನಡ ಶಾಲೆಯಿಂದ ಹೋಗಿ ಕಾಲೇಜಿನ ಇಂಗ್ಲಿಷಿನಲ್ಲಿ ಎಡವಿ ಬಿದ್ದು ಎದ್ದಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ರಿಸಲ್ಟ್ ಬಂದ ದಿನ ಅಪ್ಪ ಇಡೀ ಚಾಳಿಗೆ ಪೇಡೆ ಹಂಚಿದರು. ಯಾರೋ "ಮಗಳ ಮದುವೆ ಗೊತ್ತಾಯ್ತೇನು?" ಎಂದು ಕೇಳಿದರಂತೆ. "ಮದುವಿ ಯಾರಿಗ್ ಬೇಕಾದ್ರೂ ಆಗತದ. ಇದು ಬಿ.ಎ.!" ಎಂದರಂತೆ ಅಪ್ಪ.

ಅಂದಿನಿಂದ ಚಾಳಿನವರು ಕಾಗದಗಳನ್ನು ನಮ್ಮ ಮನೆಗೆ ತರತೊಡಗಿದರು. ಹೆಚ್ಚಿನವು ಆಸ್ಪತ್ರೆಯ ಕಾಗದಗಳೇ. "ಏನ್ ಬರದಾರ ನೋಡವ್ವ" ಎಂದು ಮುಂದೆ ಹಿಡಿಯುತ್ತಿದ್ದರು. ಎಷ್ಟೋ ಸಲ ಓದಲು ಅದರಲ್ಲಿ ಏನೂ ಇರುತ್ತಿರಲಿಲ್ಲ. ಹೆಸರು ಇರುತ್ತಿತ್ತು, ವಯಸ್ಸು ಇರುತ್ತಿತ್ತು, ಕೆಳಗೆ ಖಾಲಿ. ನನ್ನ ಇಂಗ್ಲಿಷು ಸಾಲದೆಂದೇ ನಾನು ಬಹಳ ಕಾಲ ಅಂದುಕೊಂಡಿದ್ದೆ.

ಭಾಂಡುಪ್ ಕಡೆಯ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಕ್ಲಾರ್ಕ್ ಕೆಲಸ ಸಿಕ್ಕಿತು. ಆಸ್ಪತ್ರೆಯ ಹೆಸರು ಬೇಡ. ಮುಂದೆ ಫೋರ್ಟಿನ ಒಂದು ಸಂಸ್ಥೆಯಲ್ಲಿ ಶನಿವಾರ ಶನಿವಾರ ಹೋಗಿ ಮೆಡಿಕಲ್ ರೆಕಾರ್ಡಿನ ಕೋರ್ಸನ್ನೂ ಮಾಡಿದೆ. ಬಡ್ತಿಯ ಕಥೆಗಳನ್ನು ಬಿಟ್ಟುಬಿಡುತ್ತೇನೆ; ಅವುಗಳಲ್ಲಿ ಕಲಿಯುವುದು ಏನೂ ಇಲ್ಲ.

ಕಲಿತದ್ದು ಶೇಖರಣ್ಣನವರಿಂದ. ಅವರು ಡಾಕ್ಟರುಗಳ ಮೇಲೆ ಎಂದೂ ರೇಗಲಿಲ್ಲ. ಕಲಿಯುತ್ತಲೇ ದುಡಿಯುವ ರೆಸಿಡೆಂಟ್ ಡಾಕ್ಟರುಗಳು ಅವರ ಬಾಯಲ್ಲಿ "ನಮ್ಮ ಮಕ್ಕಳು". ಬರೆಯದೆ ಉಳಿದ ಕೇಸ್ ಪೇಪರುಗಳನ್ನು ಬಗಲಲ್ಲಿ ಇಟ್ಟುಕೊಂಡು ಕ್ಯಾಂಟೀನಿಗೆ ಹೋಗಿ, ಹಸಿದು ಕೂತ ರೆಸಿಡೆಂಟಿನ ಎದುರು ಕುಳಿತು, ಆಮ್ಲೆಟ್ ಪಾವ್ ಬರುವವರೆಗೆ ಎರಡು ಪೇಪರು ಬರೆಸಿಬಿಡುತ್ತಿದ್ದರು. "ಬಾಯಿ ಖಾಲಿ ಇರುವಾಗ ಕೈ ಓಡ್ತದೆ, ನೋಡು" ಎನ್ನುತ್ತಿದ್ದರು ನನಗೆ.

ಒಬ್ಬ ರೆಸಿಡೆಂಟ್ ಕೈಗೇ ಸಿಗುತ್ತಿರಲಿಲ್ಲ. ಮದುವೆಗೆ ರಜೆ ಹಾಕಿ, ಅಲ್ಲಿಂದಲೇ ಬೇರೆ ಊರಿಗೆ ಹೋಗುವವನಿದ್ದ. ಶೇಖರಣ್ಣ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಮುಲುಂಡಿನ ಕಲ್ಯಾಣ ಮಂಟಪಕ್ಕೆ, ಅವನ ರಿಸೆಪ್ಷನ್ನಿಗೆ ಹೋದರು. ನಾನೂ ಜೊತೆಗಿದ್ದೆ. ಉಡುಗೊರೆ ಕೊಟ್ಟು, ಫೋಟೋ ತೆಗೆಸಿಕೊಂಡು, ಚೀಲದಿಂದ ಪೇಪರುಗಳನ್ನು ಹೊರಗೆ ತೆಗೆದರು. ಹುಡುಗ ನಾಚಿ ಕೆಂಪಾಗಿ ಸೋಫಾದ ಮೇಲೆ ಕೂತೇ ಬರೆಯತೊಡಗಿದ. ಪಕ್ಕದಲ್ಲಿದ್ದ ಮದುಮಗಳು ಮದುವೆ ನೋಂದಣಿಯ ಆಫೀಸಿನವರು ಎಂದುಕೊಂಡು ಕೈ ಮುಂದೆ ಮಾಡಿದಳು: "ಅಂಕಲ್, ನಾನೆಲ್ಲಿ ಸೈನ್ ಮಾಡಲಿ?"

"ನೀನು ಆಪರೇಷನ್ ಮಾಡಿದ್ದೀಯಾ ಮಗಾ? ಇಲ್ಲಾಂದ್ರೆ ಬೇಡ" ಎಂದರು ಶೇಖರಣ್ಣ.

ಈ ಕಥೆಯನ್ನು ಎಷ್ಟು ಸಲ ಹೇಳಿದರೂ ಜನ ನಗುತ್ತಾರೆ. ಆದರೆ ಹೀಗೆ ಹಿಡಿದು ಬರೆಸಿದ ಪೇಪರು ಪೂರ್ತಿಯಾಗುವ ಹೊತ್ತಿಗೆ ಆ ರೋಗಿ ಎಲ್ಲಿರುತ್ತಿದ್ದ? ಮನೆಗೆ ಹೋಗಿ ಎಷ್ಟೋ ದಿನವಾಗಿರುತ್ತಿತ್ತು. ನಮ್ಮ ಕಪಾಟು ತುಂಬುತ್ತಿತ್ತು, ಅವನ ಕೈ ಖಾಲಿಯೇ ಉಳಿಯುತ್ತಿತ್ತು. ಇದರ ಬಿಸಿ ನನಗೆ ತಟ್ಟಿದ್ದು ಶಿವಪ್ಪನಿಂದ.

ಶಿವಪ್ಪ ಮುದ್ದೇಬಿಹಾಳದ ಕಡೆಯವನು, ಕಟ್ಟಡದ ಕೆಲಸಕ್ಕೆ ಬಂದವನು. ಕಿಡ್ನಿಯಿಂದ ಮೂತ್ರಕೋಶಕ್ಕೆ ಇಳಿಯುವ ದಾರಿಯಲ್ಲಿ ಕಲ್ಲು ಸಿಕ್ಕಿಕೊಂಡಿತ್ತು. ನಮ್ಮಲ್ಲಿ ಆಪರೇಷನ್ ಮಾಡಿ ಕಲ್ಲು ತೆಗೆದು, ಗಾಯ ಮಾಯುವ ತನಕ ಎಂದು ಒಳಗೆ ಒಂದು ಸಣ್ಣ ನಳಿಕೆ ಇಟ್ಟರು. ಸ್ಟೆಂಟ್ ಎನ್ನುತ್ತಾರೆ. ಕೆಲವು ವಾರ ಬಿಟ್ಟು ಅದನ್ನು ತೆಗೆಯಲೇಬೇಕು. ಅವನು ಮನೆಗೆ ಹೋಗುವ ದಿನ ಅವನ ರೆಸಿಡೆಂಟಿಗೆ ಬೇರೆ ಯೂನಿಟ್ಟಿಗೆ, ಅಂದರೆ ಡಾಕ್ಟರುಗಳ ಇನ್ನೊಂದು ತಂಡಕ್ಕೆ, ಬದಲಿಯಾಗಿತ್ತು. ಹೊಸಬ ಬಂದಿದ್ದ, ಅವನಿಗೆ ಶಿವಪ್ಪ ಯಾರೆಂದೇ ಗೊತ್ತಿರಲಿಲ್ಲ. "ಕಾರ್ಡಿಗೆ ನಾಳೆ ಬಾ" ಎಂದರು. ಶಿವಪ್ಪನ ಊರಿನ ಬಸ್ಸು ಅದೇ ಸಂಜೆ ಇತ್ತು. ಬಿಲ್ಲಿನ ಚೀಟಿ ಹಿಡಿದು ಹೊರಟುಹೋದ.

ತಿಂಗಳುಗಳ ಮೇಲೆ ಜ್ವರದಲ್ಲಿ ನಡುಗುತ್ತ ವಾಪಸು ಬಂದ. ಆ ನಳಿಕೆಯ ಸುತ್ತ ಕಲ್ಲು ಕಟ್ಟಿತ್ತು. ಆ ಬದಿಯ ಕಿಡ್ನಿ ಹೋಗಿತ್ತು, ತೆಗೆಯಬೇಕಾಯಿತು. ಕನ್ನಡದವರು ಬಂದಾಗ ಮಾತಾಡಿಸಲು ನನ್ನನ್ನು ವಾರ್ಡಿಗೆ ಕರೆಯುವ ರೂಢಿಯಿತ್ತು. ಹೋದೆ.

"ಅಕ್ಕಾರ, ನನ್ನ ಒಳಗ ನಳಗಿ ಇಟ್ಟಾರಂತ ಗೊತ್ತಿದ್ರ ನಾ ಬರ್ತಿದ್ದಿಲ್ಲೇನ್ರಿ?" ಎಂದು ಅವನು ಕೇಳಿದ. ಸಿಟ್ಟಿನಿಂದಲ್ಲ, ನಿಜವಾಗಿ ತಿಳಿಯಬೇಕೆಂದು. "ನಮ್ಮೂರ ಡಾಕ್ಟರಾ ಕಾಗದ ತೋರ್ಸು ಅಂದ. ಎಲ್ಲೀ ಕಾಗದ ತೋರ್ಸ್ಲಿ? ರೊಕ್ಕದ ಚೀಟಿ ತೋರ್ಸಿದ್ನಿ. ಗುಳಿಗಿ ಕೊಟ್ಟ ಕಳಿಸಿದ."

ಅವನ ಕಾರ್ಡು ಕೆಳಗೆ ನಮ್ಮ ಕಪಾಟಿನಲ್ಲೇ ಇತ್ತು. ಹೆಸರು ಇತ್ತು, ವಯಸ್ಸು ಇತ್ತು, ಕೆಳಗೆ ಖಾಲಿ. ನನ್ನ ಇಂಗ್ಲಿಷಿನಲ್ಲಿ ಯಾವ ಕೊರತೆಯೂ ಇರಲಿಲ್ಲ ಎಂದು ಅಂದು ಗೊತ್ತಾಯಿತು.

ಮೊದಲು ಹೇಳಿದ ಮೀಟಿಂಗು ನಡೆದದ್ದು ಇದಾದ ಮೇಲೆ. ಎರಡನೆಯ ಸಲ ಶಿವಪ್ಪನ ಆಪರೇಷನ್ ಮಾಡಿದವರು ಪರಾಂಜಪೆ ಸಾಹೇಬರೇ. ಮೀಟಿಂಗು ಮುಗಿದ ಮೇಲೆ ಅವರು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ, "ನನಗೆ ಬೇಡ ಅಂತಲ್ಲ ಶಕುಂತಲಾಬಾಯಿ. ನನ್ನ ಹುಡುಗರು ನಿಂತಲ್ಲೇ ನಿದ್ದೆ ಮಾಡ್ತಾರೆ. ಒಂದು ಯೂನಿಟ್ಟಿನ ರುಚಿ ಹತ್ತೋದರೊಳಗೆ ಇನ್ನೊಂದಕ್ಕೆ ಹೋಗ್ತಾರೆ. ಯಾರಿಗೆ ಹೇಳಲಿ ಬರಿ ಅಂತ?" ಎಂದರು.

ಆಗ ಆಡಳಿತದವರು ಒಂದು ಉಪಾಯ ಹೂಡಿದರು. ಯಾವ ಯೂನಿಟ್ಟಿನಲ್ಲಿ ಎಷ್ಟು ಪೇಪರು ಬಾಕಿ ಎಂದು ಲಿಫ್ಟಿನ ಎದುರು ಬೋರ್ಡು. ಬಾಕಿಯೇ ಇಲ್ಲದ ಯೂನಿಟ್ಟಿಗೆ ಶುಕ್ರವಾರ ಕೇಕು. ನಾನೂ ಖುಷಿಯಿಂದಲೇ ಬೋರ್ಡಿಗೆ ಸೀಮೆಸುಣ್ಣ ಹಿಡಿದೆ. ಬಾಕಿ ಸರಸರ ಇಳಿಯಿತು. ಒಂದು ಯೂನಿಟ್ಟು ವಾರ ವಾರವೂ ಕೇಕು ತಿಂದಿತು. ಇಷ್ಟು ಸುಲಭವಿತ್ತೇ ಎಂದು ಎಲ್ಲರಿಗೂ ಬೆರಗು.

ಆ ಯೂನಿಟ್ಟಿನಲ್ಲಿ ಹರ್ನಿಯಾ ಆಪರೇಷನ್ನಿಗೆ ಪವಾರ್ ಎಂಬ ಹಿರಿಯರು ಸೇರಿದ್ದರು. ರಿಟೈರಾದ ಬಸ್ ಡ್ರೈವರು, ಬಾಯಿ ಜೋರು. ಕೆಮ್ಮು ಇದ್ದುದರಿಂದ ಆಪರೇಷನ್ ಮುಂದಕ್ಕೆ ಹಾಕಿ ಮನೆಗೆ ಕಳಿಸಿದರು. ಕೈಗೆ ಕಾರ್ಡು ಕೊಟ್ಟರು. ಅವರ ಮಗ ಅಲ್ಲೇ ನಿಂತು ಓದಿದ: ಆಪರೇಷನ್ ಯಶಸ್ವಿಯಾಗಿದೆ, ಗಾಯ ಒಣಗಿದೆ, ಹೊಲಿಗೆ ಬಿಚ್ಚಲಾಗಿದೆ. ಪವಾರರು ಶರ್ಟು ಎತ್ತಿ ಹೊಟ್ಟೆ ನೋಡಿಕೊಂಡು ಇಡೀ ವಾರ್ಡಿಗೆ ಕೇಳುವಂತೆ ಕೂಗಿದರು: "ವಾಹ್ ಡಾಕ್ಟರ್ ಸಾಬ್! ದರ್ದ್ ಭೀ ನಹೀಂ ಹುವಾ, ನಿಶಾನ್ ಭೀ ನಹೀಂ!"

ನೋವೂ ಆಗಲಿಲ್ಲ, ಗಾಯದ ಗುರುತೂ ಇಲ್ಲ ಎಂದದ್ದಕ್ಕೆ ವಾರ್ಡು ನಕ್ಕಿತು. ನಮಗೆ ನಗು ಬರಲಿಲ್ಲ. ಬೇಗ ಮುಗಿಸಬೇಕೆಂದು ಆ ಹುಡುಗರು ರೋಗಿ ಸೇರಿದ ದಿನವೇ ಡಿಸ್ಚಾರ್ಜ್ ಕಾರ್ಡು ಬರೆದಿಡುತ್ತಿದ್ದರು. ಎಲ್ಲ ಆಪರೇಷನ್ನೂ ಯಶಸ್ವಿ, ಎಲ್ಲ ಹೊಲಿಗೆಯೂ ಬಿಚ್ಚಿದ್ದು. ಖಾಲಿ ಕಾರ್ಡಿಗಿಂತ ಇದು ಕೆಟ್ಟದ್ದು. ಖಾಲಿ ಕಾರ್ಡು ನೋಡಿದ ಊರಿನ ಡಾಕ್ಟರು ಕನಿಷ್ಠ ಪ್ರಶ್ನೆ ಕೇಳುತ್ತಾನೆ. ತುಂಬಿದ ಕಾರ್ಡನ್ನು ನಂಬುತ್ತಾನೆ. ಬೋರ್ಡು ಇಳಿಯಿತು, ಕೇಕು ನಿಂತಿತು. ಶೇಖರಣ್ಣ ಮಾತ್ರ "ಕೇಕು ಚೆನ್ನಾಗಿತ್ತು ಮಾರಾಯ್ತಿ" ಎಂದರು.

ಹೊಸದಾಗಿ ಸೇರುವವರು ಇಲ್ಲಿ ಒಂದು ಕ್ಷಣ ನಿಲ್ಲಿ. ಬೇಗ ಬರೆಸುವುದು ನಿಮ್ಮ ಕೆಲಸವಲ್ಲ. ಆದದ್ದನ್ನು ಆದಾಗಲೇ ಬರೆಸುವುದು ನಿಮ್ಮ ಕೆಲಸ. ಎರಡಕ್ಕೂ ಇರುವ ಅಂತರದಲ್ಲಿ ಒಬ್ಬ ಮನುಷ್ಯನ ಕಿಡ್ನಿ ಇರಬಹುದು.

ದಾರಿ ಸಿಕ್ಕಿದ್ದು ರೈಲಿನಲ್ಲಿ. ಸರ್ಜರಿಯಲ್ಲಿ ಅನಘಾ ಎಂಬ ರೆಸಿಡೆಂಟ್ ಇದ್ದಳು. ಬಿಡುವಿನ ಸಂಜೆ ಮನೆಗೆ ಹೋಗುವಾಗ ನನ್ನ ಜೊತೆ ಭಾಂಡುಪಿನಲ್ಲಿ ಸ್ಲೋ ಲೋಕಲ್ ಹತ್ತುತ್ತಿದ್ದಳು. ಅವಳು ಘಾಟ್ಕೋಪರಿನಲ್ಲಿ ಇಳಿಯುವವಳು, ನಾನು ಕುರ್ಲಾದಲ್ಲಿ. ಅಂದು ನಮಗೆ ಲೇಡೀಸ್ ಡಬ್ಬಿಯಲ್ಲಿ ಸೀಟು ಸಿಕ್ಕಿತ್ತು. ಅವಳು ಕೂತ ಕೂಡಲೇ ಕಣ್ಣು ಮುಚ್ಚಿದಳು. ಎದುರು ನಿಂತ ಹೆಂಗಸು ಅವಳ ಮೊಣಕಾಲು ತಟ್ಟಿ, "ಕಹಾಂ ಉತರೋಗೇ?" ಎಲ್ಲಿ ಇಳೀತೀ ಎಂದು ಕೇಳಿದಳು.

"ಘಾಟ್ಕೋಪರ್" ಎಂದಳು ಅನಘಾ ಕಣ್ಣು ತೆರೆಯದೆ.

"ಸೀಟ್ ಮೇರಾ."

ಆ ಹೆಂಗಸಿನ ಹಿಂದೆ ನಿಂತವಳು ಆಕೆಯನ್ನು ಕೇಳಿದಳು, "ಔರ್ ಆಪ್?" "ದಾದರ್." "ಫಿರ್ ಮೇರಾ, ಹಾಂ!" ಘಾಟ್ಕೋಪರ್ ಬರುವುದರೊಳಗೆ ಆ ಒಂದು ಸೀಟಿಗೆ ಕೊನೆಯ ಸ್ಟೇಷನ್ನಿನವರೆಗೂ ಒಡತಿಯರು ಗೊತ್ತಾಗಿದ್ದರು. ಕೂತವಳು ಎಲ್ಲಿ ಇಳಿಯುತ್ತಾಳೆಂದು ಕೇಳಿ ಅವಳ ಸೀಟನ್ನು ಮೊದಲೇ ಹಿಡಿಯುವುದು ಮುಂಬಯಿಯ ಹೆಂಗಸರಿಗೆ ದಿನನಿತ್ಯದ ಮಾತು. ನಾನೂ ವರ್ಷಾನುಗಟ್ಟಲೆ ಹೀಗೇ ಕೂತಿದ್ದೇನೆ, ಎದ್ದಿದ್ದೇನೆ, ಜಗಳವನ್ನೂ ಆಡಿದ್ದೇನೆ. ಅಂದು ಮಾತ್ರ ತಲೆಯಲ್ಲಿ ಏನೋ ಕದಲಿತು.

"ಡಾಕ್ಟ್ರೇ, ಮುಂದಿನ ವಾರ ನಿಮ್ಮ ಯೂನಿಟ್ಟು ಬದಲಾಗ್ತದಂತಲ್ಲ. ನಿಮ್ಮ ಪೇಷಂಟುಗಳ ಸೀಟು ಯಾರು ಹಿಡಿದಾರೆ?" ಎಂದು ಹಿಂದಿಯಲ್ಲಿ ಕೇಳಿದೆ, ತಮಾಷೆಗೆಂದೇ.

ಅವಳು ಕಣ್ಣು ತೆರೆದಳು. "ಯಾರೂ ಇಲ್ಲ" ಎಂದಳು. ಅಷ್ಟರಲ್ಲಿ ಘಾಟ್ಕೋಪರ್ ಬಂತು.

ಮಾರನೆಯ ಬೆಳಿಗ್ಗೆ ರೌಂಡಿಗೆ ಮೊದಲೇ ಅವಳು ನೆಲಮಾಳಿಗೆಗೆ ಇಳಿದು ಬಂದಳು. ಅವಳು ಹೇಳಿದ ಮಾತೇ ಮುಂದಿನದಕ್ಕೆಲ್ಲ ಬುನಾದಿ, ಆದ್ದರಿಂದ ಅದನ್ನು ಅವಳ ಹೆಸರಿನಲ್ಲೇ ಬರೆಯುತ್ತೇನೆ. "ಮ್ಯಾಡಮ್, ರೈಲಿನಲ್ಲಿ ಕೇಳೋದು ಯಾರು? ಕೂತವಳು ಕೇಳಲ್ಲ. ನಿಂತವಳು ಕೇಳ್ತಾಳೆ, ಯಾಕಂದ್ರೆ ಕಾಲು ನೋಯ್ತಿರೋದು ಅವಳಿಗೆ. ನಾವು ಇಷ್ಟು ದಿನ ಇಳಿದುಹೋಗೋರ ಬೆನ್ನು ಹತ್ತಿದ್ದೇವೆ. ಬರೋನಿಗೆ ಕೇಳೋಕೆ ಹೇಳೋಣ. ಗೊತ್ತಿಲ್ಲದ ಪೇಷಂಟ್ ಅವನ ತಲೆಗೇ ಬರೋದು."

ನೋಡಿ, ನಾವು ಅಲ್ಲಿಯವರೆಗೆ ಅಟ್ಟಿಸಿಕೊಂಡು ಹೋಗುತ್ತಿದ್ದದ್ದು ಬರೆಯಲು ಮನಸ್ಸಿಲ್ಲದವನನ್ನು. ಬರೆದದ್ದು ಯಾರಿಗೆ ಬೇಕೋ ಅವನು ಪಕ್ಕದಲ್ಲೇ ನಿಂತಿದ್ದ.

ಮೊದಲು ಒಂದೇ ವಾರ್ಡಿನಲ್ಲಿ ಶುರು ಮಾಡಿದೆವು. ಡ್ಯೂಟಿ ಬದಲಾಗುವಾಗ, ಯೂನಿಟ್ಟು ಬದಲಾಗುವಾಗ, ಹೋಗುವವರು ಬರುವವರು ಇಬ್ಬರೂ ಹಾಸಿಗೆಯ ಪಕ್ಕದಲ್ಲಿ ನಿಲ್ಲಬೇಕು. ಬರುವವರು ಕೇಳಬೇಕು: ಎಲ್ಲಿ ಇಳೀತೀರಿ? ಹೋಗುವವರು ಇಲ್ಲಿಯವರೆಗೆ ಆದದ್ದನ್ನು ಅಲ್ಲೇ ಬರೆದು, ಓದಿ ಹೇಳಿ, ಸಹಿ ಹಾಕಬೇಕು. ಒಪ್ಪಿಕೊಂಡವರ ಹೆಸರು ಕೆಳಗೆ. ದೇಹದೊಳಗೆ ನಳಿಕೆ, ರಾಡು, ತಂತಿ ಏನಾದರೂ ಉಳಿದಿದ್ದರೆ ಅದು ಮೊದಲ ಸಾಲು, ಮತ್ತು ಅದನ್ನು ರೋಗಿಗೆ ಅವರ ಭಾಷೆಯಲ್ಲಿ ಬಾಯಿಬಿಟ್ಟು ಹೇಳಬೇಕು. ನಾನು ನೆಲಮಾಳಿಗೆ ಬಿಟ್ಟು, ಔಷಧಿಯ ಹಳೆಯ ಟ್ರಾಲಿಯ ಮೇಲೆ ಪೇಪರು ಹೇರಿಕೊಂಡು ರೌಂಡಿನ ಹೊತ್ತಿಗೆ ವಾರ್ಡಿನಲ್ಲೇ ನಿಲ್ಲತೊಡಗಿದೆ.

ಮೊದಲ ದಿನಗಳು ಸಲೀಸಾಗಿರಲಿಲ್ಲ. ನಾಗಪುರದಿಂದ ಹೊಸದಾಗಿ ಬಂದ ಹುಡುಗನೊಬ್ಬನಿಗೆ ಮುಂಬಯಿಯ ಲೋಕಲ್ ಗೊತ್ತಿರಲಿಲ್ಲ. ಎಲ್ಲಿ ಇಳೀತೀ ಎಂದರೆ ಪಾಪ, "ಹಾಸ್ಟೆಲಿನಲ್ಲಿ" ಎಂದ. ಒಬ್ಬ ಸಿಸ್ಟರು, "ನಮಗೂ ಒಂದು ಸೀಟು ಹಿಡೀರಪ್ಪ, ಬೆಳಿಗ್ಗೆಯಿಂದ ಕೂತಿಲ್ಲ" ಎಂದು ಛೇಡಿಸಿದರು. ಹಾಸಿಗೆಯ ಮೇಲಿನ ರೋಗಿಗಳಿಗೆ ಮಾತ್ರ ಯಾರೂ ಏನೂ ವಿವರಿಸಬೇಕಾಗಲಿಲ್ಲ. ಅವರೆಲ್ಲ ಲೋಕಲಿನವರೇ. ಡ್ಯೂಟಿ ಮುಗಿಸಿ ಹೊರಟ ಡಾಕ್ಟರನ್ನು ತಡೆದು, "ಓ ಭಾಯ್, ಸೀಟ್ ಕಿಸ್‌ಕೋ ದಿಯಾ?" ಸೀಟು ಯಾರಿಗೆ ಕೊಟ್ಟೆ ಎಂದು ಕೇಳುವ ಮಟ್ಟಕ್ಕೆ ಬಂದರು.

ಪರಾಂಜಪೆ ಸಾಹೇಬರು ಒಂದು ಬೆಳಿಗ್ಗೆ ರೌಂಡಿಗೆ ಬಂದವರು ಇದನ್ನು ಕೇಳಿಸಿಕೊಂಡರು. "ಏನಿದು ನಾಟಕ?" ಎಂದರು. ಅನಘಾ ವಿವರಿಸಿದಳು. ಸಾಹೇಬರು ಮುಂದಿನ ಹಾಸಿಗೆಗೆ ಹೋಗಿ, ಹೊರಡಲಿದ್ದ ರೆಸಿಡೆಂಟನ್ನು ತಾವೇ ಮರಾಠಿಯಲ್ಲಿ ಅದನ್ನೇ ಕೇಳಿದರು: "ಕಾಯ್ ರೇ, ಕುಠೇ ಉತರಣಾರ್?" ಅವನು ತೊದಲಿದ. ಪೇಪರು ಖಾಲಿಯಿತ್ತು. ಅವನು ಬರೆದು ಮುಗಿಸುವವರೆಗೆ ಇಡೀ ರೌಂಡು ಆ ಹಾಸಿಗೆಯ ಪಕ್ಕದಲ್ಲಿ ಕದಲದೆ ನಿಂತಿತು, ಸಾಹೇಬರೂ ನಿಂತರು. ಅದಾದ ಮೇಲೆ ಯಾರಿಗೂ ಹೇಳಬೇಕಾಗಲಿಲ್ಲ. ಅಷ್ಟು ದೊಡ್ಡ ಮನುಷ್ಯ ಒಬ್ಬ ಹುಡುಗನ ಬರವಣಿಗೆಗೆ ಕಾಯುತ್ತ ನಿಂತದ್ದನ್ನು ನಾನು ಇಂದಿಗೂ ಕೈ ಮುಗಿದು ನೆನೆಯುತ್ತೇನೆ.

ಶೇಖರಣ್ಣ ರಿಟೈರಾದ ಮೇಲೆ ಒಂದು ದಿನ ನೋಡಲು ಬಂದರು. ಬಾಕಿ ಪೇಪರುಗಳ ದೊಡ್ಡ ಕಪಾಟು ಇದ್ದ ಜಾಗ ಬರಿದಾಗಿತ್ತು. ಕಪಾಟನ್ನು ಕಂಬಳಿ ಇಡಲು ವಾರ್ಡಿಗೆ ಕೊಟ್ಟಿದ್ದೆವು. ಊಟವಾದ ಮೇಲೆ ಅದರ ಹಿಂದೆ ಕುರ್ಚಿ ಎಳೆದುಕೊಂಡು ತೂಕಡಿಸುವುದು ಅವರ ಹಳೆಯ ಅಭ್ಯಾಸ. ಸುತ್ತ ನೋಡಿ, "ಎಂಥದು ಮಾರಾಯ್ತಿ ಇದು, ಮರ್ಯಾದಸ್ಥರಿಗೆ ಮಲಗ್ಲಿಕ್ಕೆ ಒಂದು ಮರೆ ಇಲ್ಲ!" ಎಂದರು. ಕಣ್ಣು ತುಂಬಿತ್ತು. ಇಬ್ಬರೂ ಚಹಾ ಕುಡಿದೆವು.

ಆಮೇಲೆ ಕಂಪ್ಯೂಟರು ಬಂತು. ಇನ್ನು ಎಲ್ಲ ತಾನಾಗಿ ಆಗುತ್ತದೆ ಎಂದು ಅಂದುಕೊಳ್ಳಬೇಡಿ. ಬರೆಯುವ ಕಷ್ಟ ಹೋಗಿ ನಕಲು ಮಾಡಿ ಅಂಟಿಸುವ ಸುಖ ಬಂತು, ಅಷ್ಟೆ. ಒಬ್ಬ ಇಂಟರ್ನು ಹಿಂದಿನ ರೋಗಿಯ ಕಾರ್ಡನ್ನೇ ಎತ್ತಿ ಮುಂದಿನವರಿಗೆ ಅಂಟಿಸಿದ. ಅದು ಹೋಗಿ ಹೆರಿಗೆಯಾಗಿ ಹೊರಟ ಹುಡುಗಿಯೊಬ್ಬಳ ಕೈ ಸೇರಿತು. ಸಂಜೆ ಅವಳ ಅತ್ತೆ ಕಾರ್ಡು ಹಿಡಿದು ನನ್ನೆದುರು ನಿಂತರು. ಮಂಗಳೂರಿನ ಕಡೆಯವರು.

"ನಿಮ್ಮ ಡಾಕ್ಟ್ರು ಬೀಡಿ ಬಿಡ್ಬೇಕು ಅಂತ ಬರ್ದಿದ್ದಾರೆ. ನಮ್ಮ ಸೊಸೆ ಬೀಡಿ ಕಟ್ತಾಳೆ, ಸೇದುದಿಲ್ಲ. ನಿಜ ಹೇಳಿ, ಇಲ್ಲಿ ಸೇದಿದ್ಳಾ?"

ಆ ಸೊಸೆಯ ಮಾನ ಉಳಿಸಲು ನಾನು ಮನೆಯ ತನಕ ಹೋಗಿ ಬರಬೇಕಾಯಿತು. ಪಾಯಸ ಕುಡಿದು ಬಂದೆ. ಕಂಪ್ಯೂಟರಿನಲ್ಲೂ ಹಾಸಿಗೆಯ ಪಕ್ಕದಲ್ಲೇ ನಿಂತು ಬರೆಯಿರಿ. ರೋಗಿಯ ಮುಖ ಎದುರಿಗಿದ್ದರೆ ಬೀಡಿ ತಾನಾಗಿಯೇ ಅಳಿಸಿಹೋಗುತ್ತದೆ.

ನಾನು ರಿಟೈರಾಗುವ ವರ್ಷದ ಒಂದು ಸಂಗತಿ ಹೇಳಿ ಮುಗಿಸುತ್ತೇನೆ. ಒಂದು ಗುರುವಾರ ರೆಕಾರ್ಡ್ ರೂಮು ತೆರೆಯುವ ಮೊದಲೇ ಬಾಗಿಲಲ್ಲಿ ಒಬ್ಬ ಹುಡುಗಿ, ಜೊತೆಗೆ ಇಳಕಲ್ ಸೀರೆಯ ಅಜ್ಜಿ ಕಾದಿದ್ದರು. ಹುಡುಗಿ ರೇಣುಕಾ. ಭಾಂಡುಪಿನಲ್ಲೇ ಹುಟ್ಟಿ ಬೆಳೆದವಳು, ತಂದೆ ತಾಯಿ ಕಟ್ಟಡದ ಕೆಲಸದವರು. ಕನ್ನಡ ತಡವರಿಸುತ್ತಿತ್ತು.

"ಮ್ಯಾಡಮ್, ನನ್ದು ಪೊಲೀಸ್ ಭರ್ತಿ ಆಯ್ತು. ರನ್ನಿಂಗ್ ಪಾಸ್, ರಿಟನ್ ಪಾಸ್. ಮೆಡಿಕಲ್‌ನಾಗ ಡಾಕ್ಟರ್ ಇಲ್ಲಿ ನಿಶಾನ್ ನೋಡಿದ್ರು." ಪಕ್ಕೆಯಲ್ಲಿ ಹಳೆಯ ಗಾಯದ ಗುರುತು ಇದ್ದ ಕಡೆ ಮುಟ್ಟಿ ತೋರಿಸಿದಳು. "ಬೋಲೇ, ಆಪರೇಷನ್ ಆಗಿದ್ದ ಆಸ್ಪತ್ರೆಯಿಂದ ಸರ್ಟಿಫಿಕೇಟ್ ತಾ. ಏನು ಮಾಡಿದ್ರು, ಒಳಗೆ ಏನಾದ್ರೂ ಉಳಿದದೆ ಕ್ಯಾ, ಎರಡೂ ಕಿಡ್ನಿ ಠೀಕ್ ಇದೆ ಕ್ಯಾ. ಶನಿವಾರದೊಳಗ ಕೊಡ್ಲಿಲ್ಲಾಂದ್ರೆ ನಂಬರ್ ಮುಂದಿನವಳಿಗೆ."

"ಎಷ್ಟು ಓದಿದ್ದೀ?" ಎಂದು ಕೇಳಿದೆ.

"ಬಿ.ಎ. ಮ್ಯಾಡಮ್." ಅಜ್ಜಿ ನಡುವೆ ಬಾಯಿ ಹಾಕಿದರು: "ನಮ್ಮ ಮನ್ಯಾಗ ಇಕೀನ ಮೊದಲ್ರೀ."

ಏನು ಆಪರೇಷನ್ನು ಎಂದು ಕೇಳಿದೆ. ಅವಳಿಗೂ ಶಿವಪ್ಪನ ಹಾಗೆಯೇ ಕಲ್ಲಿನ ಆಪರೇಷನ್ನು. ಸ್ಟೆಂಟ್ ಇಟ್ಟೇ ಇರುತ್ತಾರೆ. ತೆಗೆದರೋ ಇಲ್ಲವೋ? ತೆಗೆದಿದ್ದರೂ ಯಾರಾದರೂ ಬರೆದಿದ್ದಾರೋ? ಆಪರೇಷನ್ ಮಾಡಿದ ಸರ್ಜನ್ನು ಊರು ಬಿಟ್ಟಿದ್ದರು, ಅಂದಿನ ರೆಸಿಡೆಂಟುಗಳು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋಗಿದ್ದರು. ಪೇಪರಿನಲ್ಲಿ ಇಲ್ಲದ್ದನ್ನು ಹೇಳಲು ಆ ಕಟ್ಟಡದಲ್ಲಿ ಒಬ್ಬರೂ ಉಳಿದಿರಲಿಲ್ಲ.

ಪೇಪರು ತೆಗೆದೆ. ಮೊದಲ ಸಾಲಿನಲ್ಲೇ ಸ್ಟೆಂಟ್ ಇಟ್ಟದ್ದು, ಯಾವ ಬದಿ, ಯಾಕೆ. ಇಳಿದವರ ಸಹಿ, ಹತ್ತಿದವರ ಹೆಸರು. ಮತ್ತೆ ಒಬ್ಬರು ಇಳಿದಿದ್ದರು, ಮತ್ತೊಬ್ಬರು ಹತ್ತಿದ್ದರು. ಹುಡುಗಿಗೂ ಅಜ್ಜಿಗೂ ಕನ್ನಡದಲ್ಲಿ ಹೇಳಲಾಗಿದೆ ಎಂದು ಸಿಸ್ಟರಿನ ಟಿಪ್ಪಣಿ. ಆಮೇಲೆ, ಹೇಳಿದ ಹೊತ್ತಿಗೆ ಬಂದದ್ದು, ಸ್ಟೆಂಟ್ ತೆಗೆದದ್ದು, ತೆಗೆದವರ ಸಹಿ.

ಅವಳನ್ನು ಎಂದೂ ನೋಡಿರದ ಹೊಸ ಸರ್ಜನ್ನಿನ ಮುಂದೆ ಪೇಪರು ಇಟ್ಟೆ. ಅವರು ಮೊದಲಿನಿಂದ ಕೊನೆಯವರೆಗೆ ಓದಿದರು. ಹುಡುಗಿಯನ್ನು ಪರೀಕ್ಷಿಸಿ, ಕೂಡಲೇ ಸೋನೋಗ್ರಫಿ ಮಾಡಿಸಿ, ರಕ್ತದ ರಿಪೋರ್ಟು ತರಿಸಿದರು. "ಇದರಲ್ಲಿ ನಾನು ಕೇಳಬೇಕಾದ್ದು ಏನೂ ಉಳಿದಿಲ್ಲ ಮ್ಯಾಡಮ್" ಎಂದು ಸರ್ಟಿಫಿಕೇಟಿಗೆ ಸಹಿ ಹಾಕಿದರು. ಆಸ್ಪತ್ರೆಯ ಮೊಹರು ನಾನೇ ಒತ್ತಿದೆ. ಅನಘಾ, ಸಾಹೇಬರು, ಶೇಖರಣ್ಣ, ಛೇಡಿಸಿದ ಸಿಸ್ಟರು, ಹಾಸ್ಟೆಲಿನಲ್ಲಿ ಇಳಿಯುತ್ತೇನೆಂದ ಆ ನಾಗಪುರದ ಹುಡುಗ, ಎಲ್ಲರಿಗೂ ಮನಸ್ಸಿನಲ್ಲೇ ನಮಸ್ಕಾರ ಹೇಳುತ್ತ ಒತ್ತಿದೆ.

ಮಧ್ಯಾಹ್ನದ ಊಟದ ಗಂಟೆ ಇನ್ನೂ ಆಗಿರಲಿಲ್ಲ. ಹೊರಗೆ ಬಂದು ರೇಣುಕಾಳ ಕೈಗೆ ಸರ್ಟಿಫಿಕೇಟು ಕೊಟ್ಟೆ. ಅವಳು ಅದನ್ನು ಎರಡು ಕೈಯಲ್ಲಿ ಹಿಡಿದು ಓದುತ್ತ ನಿಂತುಬಿಟ್ಟಳು. ತುಟಿ ಮಾತ್ರ ಅಲುಗುತ್ತಿತ್ತು. ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ ಅಜ್ಜಿ ಕಷ್ಟಪಟ್ಟು ಎದ್ದರು.

"ಮತ್ತ ನಾಳಿ ಎಷ್ಟೊತ್ತಿಗೆ ಬರೂಣ್ರಿ?"

"ನಾಳೆ ಬರೋದು ಬೇಡ ಅಜ್ಜಿ. ಕೆಲಸ ಮುಗೀತು."

ಅಜ್ಜಿ ನನ್ನ ಮುಖ ನೋಡಿದರು, ಮೊಮ್ಮಗಳ ಕೈಯಲ್ಲಿದ್ದ ಕಾಗದ ನೋಡಿದರು, ಬಗಲಿನ ಗಂಟನ್ನು ಮುಂದಕ್ಕೆ ಎಳೆದುಕೊಂಡರು.

"ಇಷ್ಟ ಏನ್ರಿ ಯವ್ವಾ? ಶನಿವಾರತನಕಾ ಕುಂದ್ರಸ್ತೀರಿ ಅಂತ ಮೂರು ದಿನದ್ದ ರೊಟ್ಟಿ ಬಡಕೊಂಡ್ ಬಂದೀನಲ್ಲ!"